ಕಲ್ಲುಬಾಣಂತಿ

ಪೈವಳಿಕೆಯಿಂದ ಬಾಯಾರಿಗೆ ಹೋಗುವ ದಾರಿಯಲ್ಲಿ
ಮುರಕಲ್ಲಿನ ಬೋಳುಪಾದೆ. ಮಳೆ ಹೊರಟು ಹದಿನೈದು ದಿನ.
ಪಳ್ಳದ ಅಂಚಿಗೆ ಕಿತ್ತಳೆ ಬಣ್ಣದ ಕೆಸರು,
ನೀರ ಮೇಲೆ ನವಿಲುಕತ್ತಿನ ಹೊಳಪು.
ಡೀಸೆಲ್ಲು, ಅಂದೆ.
ಮೂಗು ಹಿಡಿದುಕೊಂಡೇ ಅಂದೆ.

ಅಂಗಾರೆಜ್ಜಿ ಬುಟ್ಟಿಗೆಂದು ತಂದ ಬೂರಿನ ಸುರುಳಿಯಿಂದ
ಗೇಣುದ್ದ ಮುರಿದು ನೀರಿಗೆ ತಾಗಿಸಿದರು.
ಹೊಳಪು ಹಪ್ಪಳದ ಹಾಗೆ ಒಡೆಯಿತು.
ಚೂರುಗಳು ದೂರದೂರ, ಹಾಗೇ ನಿಂತವು.
"ಒಡೆದರೆ ಅವಳದ್ದು.
ಒಡೆದದ್ದು ಮತ್ತೆ ಕೂಡಿದರೆ ಲಾರಿಯದ್ದು."

ಇದೇ ಮಾತು ನನ್ನ ಪುಸ್ತಕದಲ್ಲೂ ಇತ್ತು,
ಎಮ್ಮೆಸ್ಸಿ ಎರಡನೇ ವರ್ಷ, ಪುಟದ ಬುಡದಲ್ಲಿ, ಸಣ್ಣಕ್ಷರದಲ್ಲಿ.
ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟಿದ್ದೆ.

ಯಾರು ಅವಳು?
ಅಜ್ಜಿ ಹೇಳಿದ್ದು ಅರ್ಧ ರಾಗ, ಅರ್ಧ ಮಾತು,
ಕೊರಗ ಭಾಷೆಯಲ್ಲಿ. ಮೊಮ್ಮಗ ಬುದಾರ ತುಳುವಿಗೆ ತಂದ,
ನಾನು ಕನ್ನಡಕ್ಕೆ. ಎರಡು ಸಲ ಸೋಸಿ ಉಳಿದದ್ದು ಇಷ್ಟು:

  ಕಲ್ಲು ಹೆತ್ತಿತು ಮಳೆ ಹೊರಟ ದಿನ
  ಹೆತ್ತ ಕಲ್ಲಿಗೆ ಮೀಯಿಸುವವರಿಲ್ಲ
  ತನ್ನ ಕೆಂಪು ತಾನೇ ಹೊದ್ದು ಕೂತಿತು
  ನಲವತ್ತು ದಿನ ಕಾಲಿಡಬೇಡ ಮಗಾ
  ನಲವತ್ತು ಕಳೆದು ಬೂರು ನೆನೆಹಾಕು
  ಆ ಬುಟ್ಟಿಯ ಹುಳ ಮುಟ್ಟದು

ಕಬ್ಬಿಣ ಉಂಡು ಬದುಕುವ ಜೀವಿಗಳಿವೆ, ಶುರುಮಾಡಿದೆ ನಾನು,
ಕಣ್ಣಿಗೆ ಕಾಣವು, ಮೈಸುತ್ತ ತುಕ್ಕು ಕಟ್ಟಿಕೊಳ್ಳುತ್ತವೆ...
ತುಳುವಿನಲ್ಲಿ ಅದು ಬೈಗುಳದಂತೆ ಕೇಳಿತೋ ಏನೋ,
ಬುದಾರ ಯಾವ ಭಾಷೆಗೂ ದಾಟಿಸದೆ ಸುಮ್ಮನಾದ.

ಬ್ಯಾಟರಿಯ ಸೂಕ್ಷ್ಮದರ್ಶಕ ಕಲ್ಲಿನ ಮೇಲಿಟ್ಟೆ.
ಅಜ್ಜಿ ಒಂದು ಕಣ್ಣು ಮುಚ್ಚಲು ಒಪ್ಪಲಿಲ್ಲ.
ಎರಡೂ ತೆರೆದು ನೋಡಿದರು, ಬಹಳ ಹೊತ್ತು.
ಕೂದಲಿಗಿಂತ ಎಷ್ಟೋ ಸಪೂರದ ಕೊಳವೆಗಳು,
ತುಕ್ಕಿನ ಗೋಡೆ, ಒಳಗೆ ಯಾರಿಲ್ಲ.
"ಬುಟ್ಟಿ," ಅಂದರು. "ನೇಯ್ದವರೆಲ್ಲಿ?"

ನೇಯ್ದು ಬಿಟ್ಟು ಹೋಗುತ್ತವೆ ಅಜ್ಜಿ,
ಮುಂದೆ ಹೋಗಿ ಇನ್ನೊಂದು ನೇಯುತ್ತವೆ.

"ಬುಟ್ಟಿಯ ದುಡ್ಡು ಯಾರಿಗೆ?"

ಆಗ ನಕ್ಕರು.

ಬಾಟಲಿಗೆ ಚೀಟಿ ಅಂಟಿಸಿದೆ: ಸ್ಥಳ, ಬಿಸುಪು, ಮಂಗಳವಾರ.
ಅವರ ಹೆಸರೂ ಅದೇ, ಹುಟ್ಟಿದ ವಾರವನ್ನೇ ಅಂಟಿಸಿದ್ದು.
ಸಂಗ್ರಹಿಸಿದವರು ಎಂಬಲ್ಲಿ ನಾನು.
ಹೇಳಿದವರು ಎಂಬ ಗೆರೆ ಅಚ್ಚಿನಲ್ಲಿಲ್ಲ;
ಅಂಚಿಗೆ ಬರೆದೆ. ಬೆರಳ ತೇವಕ್ಕೆ ಶಾಯಿ ಹರಡಿತು.

ಪದಕ್ಕೆ ಇನ್ನೊಂದು ಸೊಲ್ಲುಂಟು, ಅಂದ ಬುದಾರ,
ಅದು ಹೆರಿಗೆಯಾದ ಮನೆಯಲ್ಲಿ ಮಾತ್ರ.
ಫೋನಿನ ರೆಕಾರ್ಡು ಆರಿಸಿ, ಆರಿಸಿದ್ದನ್ನು ತೋರಿಸಿದೆ.
"ನೀನು ಹೆತ್ತಿದ್ದೀಯಾ?"
ಇಲ್ಲ.
ಎಲೆಯಡಿಕೆ ಉಗಿದು ಎದ್ದರು.

ಪ್ರಯೋಗಾಲಯದ ಕಪಾಟಿನಲ್ಲಿ ಬಾಟಲಿ ಈಗ ಪೂರ್ತಿ ಕೆಂಪು.
ಇಪ್ಪತ್ತಾರು ಬಗೆ ಎಂದು ಪಟ್ಟಿ ಬಂತು. ಒಂಬತ್ತಕ್ಕೆ ಹೆಸರಿಲ್ಲ.
ಆ ಒಂಬತ್ತು ಅಜ್ಜಿ ಹೇಳದ ಸೊಲ್ಲಿನಲ್ಲಿ ಇರಬಹುದು.
ಇಲ್ಲದೆಯೂ ಇರಬಹುದು.
ಎಲ್ಲವೂ ನನ್ನ ಪಟ್ಟಿಗೆಂದೇ ಹಾಡಿದ್ದಲ್ಲವಲ್ಲ.

ಮೊನ್ನೆ ಮತ್ತೆ ಹೋದೆ.
ಕಲ್ಲಿನ ಕೋರೆ ಪಳ್ಳದಿಂದ ಮೂವತ್ತು ಹೆಜ್ಜೆಗೆ ಬಂದಿದೆ,
ಗರಗಸದ ಕೆಂಪು ಹುಡಿ ಹುಲ್ಲಿನ ತುದಿತುದಿಗೆ.
ಕಡ್ಡಿ ತಾಗಿಸಿದೆ.
ಹೊಳಪು ಈಚೆ ಬದಿ ಒಡೆಯಿತು,
ಆಚೆ ಬದಿ ಕೂಡಿಕೊಂಡಿತು.

ಇದಕ್ಕೆ ಪುಸ್ತಕದಲ್ಲಿ ಸಣ್ಣಕ್ಷರವೂ ಇಲ್ಲ.
ಕಡ್ಡಿ ಹಿಡಿದುಕೊಂಡೇ ಅಜ್ಜಿಯ ಕಾಲನಿಯತ್ತ ಇಳಿದೆ,
ನಲವತ್ತಾಯಿತೋ ಇಲ್ಲವೋ
ಬೆರಳ ಗೆಣ್ಣಿನಲ್ಲಿ ಎಣಿಸುತ್ತ.